ಒಂಟಿತನವೂ ಋಣವೂ

ಮನುಷ್ಯನು ಸಂಘಜೀವಿಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಅದರ ಅರ್ಥವನ್ನು ವಿಚಾರಿಸುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಬಹು ಜನರ ನಡುವೆ ವಾಸಮಾಡುವವನು ಎಂಬಷ್ಟೇ ಅದರ ಅರ್ಥವಾದರೆ, ಇಂದಿನ ಮನುಷ್ಯನಷ್ಟು ಸಂಘಜೀವಿಯು ಹಿಂದೆಂದೂ ಇರಲಿಲ್ಲವೆನ್ನಬೇಕು. ನಮ್ಮ ಬಳ್ಳಾರಿಯನ್ನೇ ನೋಡಿರಿ. 2011ರ ಜನಗಣತಿಯ ವೇಳೆಗೇ ಈ ನಗರದ ಜನಸಂಖ್ಯೆಯು ನಾಲ್ಕು ಲಕ್ಷವನ್ನು ದಾಟಿತ್ತು. ಸಂಜೆಯ ಹೊತ್ತು ಕೋಟೆಯ ಗುಡ್ಡದ ಮೇಲೆ ನಿಂತು ನೋಡಿದರೆ ಕಣ್ಣು ಹಾಯುವವರೆಗೂ ಮನೆಗೆ ಮನೆ ತಗುಲಿಕೊಂಡಿರುವುದು ಕಾಣುತ್ತದೆ. ದೀಪಗಳನ್ನು ಎಣಿಸುವುದು ಸಾಧ್ಯವಿಲ್ಲ. ಆದರೂ ಆ ದೀಪಗಳ ಕೆಳಗೆ ಕುಳಿತವರಲ್ಲಿ ಎಷ್ಟೋ ಮಂದಿ, ವೃದ್ಧರು ಮಾತ್ರವಲ್ಲ, ತರುಣರು ಕೂಡ, “ನನಗೆ ಯಾರೂ ಇಲ್ಲ” ಎಂದು ಕೊರಗುತ್ತಿದ್ದಾರೆ. ಜನವು ಹೆಚ್ಚಿದಷ್ಟೂ ಒಂಟಿತನವು ಹೆಚ್ಚುವುದೆಂದರೇನು? ಇದು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಏಕಾಂತವು ಬೇರೆ, ಒಂಟಿತನವು ಬೇರೆ. ಯೋಗಿಯು ಗುಹೆಯನ್ನೂ ಕವಿಯು ಹೊಳೆಯ ದಂಡೆಯನ್ನೂ ವಿದ್ಯಾರ್ಥಿಯು ಮನೆಯ ಮೂಲೆಯನ್ನೂ ಅರಸುವುದು ಏಕಾಂತಕ್ಕಾಗಿ. ಅದು ತಾನಾಗಿ ಬಯಸಿ ಪಡೆದದ್ದು. ಅಲ್ಲಿಂದ ಹಿಂದಿರುಗಿದಾಗ ಬಾಗಿಲು ತೆರೆಯುವವರು ಇದ್ದಾರೆಂಬ ನಂಬಿಕೆಯು ಅದರ ಹಿಂದೆ ಇರುತ್ತದೆ. ಒಂಟಿತನವಾದರೋ ಕೇಳದೆ ಬಂದದ್ದು. ಅದು ಜಾತ್ರೆಯ ನಡುವೆಯೂ ಬರಬಹುದು, ತುಂಬಿದ ಮನೆಯಲ್ಲಿಯೂ ಬರಬಹುದು. ಆದುದರಿಂದ ಅದರ ಕಾರಣವನ್ನು ಜನರ ಸಂಖ್ಯೆಯಲ್ಲಿ ಹುಡುಕುವುದು ವ್ಯರ್ಥ.

ಹಾಗಾದರೆ ಎಲ್ಲಿ ಹುಡುಕಬೇಕು? ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ಯಾವ ಪಂಡಿತರೂ ಅಲ್ಲ. ಕುರುಗೋಡಿನಲ್ಲಿದ್ದ ನಮ್ಮ ಬಂಧುವೊಬ್ಬ ವೃದ್ಧೆ. ಆಕೆಯ ಮಕ್ಕಳಿಬ್ಬರೂ ದೂರದ ಊರುಗಳಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದರು. ತಿಂಗಳು ತಿಂಗಳಿಗೆ ಹಣವು ತಪ್ಪದೆ ಬರುತ್ತಿತ್ತು. ಅಡಿಗೆಗೆ ಒಬ್ಬಳು, ರಾತ್ರಿ ಜೊತೆಗೆ ಮಲಗಲು ಒಬ್ಬಳು; ಮಾತನಾಡಬೇಕೆಂದರೆ ದೂರವಾಣಿ, ಮುಖವನ್ನು ನೋಡಬೇಕೆಂದರೆ ಅದರಲ್ಲಿಯೇ ಚಿತ್ರ. ದೊಡ್ಡಬಸವೇಶ್ವರನ ತೇರಿನ ದಿನ ನಾನು ಹೋಗಿದ್ದಾಗ, “ಏನು ಕೊರತೆಯಮ್ಮ ನಿಮಗೆ?” ಎಂದು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆಯು ಹೇಳಿದ ಮಾತು ಇದು: “ಕೊರತಿ ಏನೂ ಇಲ್ಲಪ್ಪ. ಆದ್ರ ಒಂದು ಚಮಚ ಹೆಪ್ಪು ಕೇಳಾಕಾದ್ರೂ ಒಬ್ಬರು ಈ ಬಾಗಿಲಿಗೆ ಬರಂಗಿಲ್ಲ ನೋಡು.”

ಮೊದಲು ನನಗೆ ಇದು ಮುದುಕಿಯ ಹಳಹಳಿಯೆಂದೇ ತೋರಿತು. ಮೊಸರು ಅಂಗಡಿಯಲ್ಲಿ ಪೊಟ್ಟಣದಲ್ಲಿ ದೊರೆಯುವಾಗ ಹೆಪ್ಪನ್ನು ಕೇಳಲು ಯಾರು ತಾನೆ ಬರುವರು? ಆದರೆ ಬಳ್ಳಾರಿಗೆ ಹಿಂದಿರುಗುವ ದಾರಿಯಲ್ಲಿ ಆ ಮಾತು ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯಿತು. ತನಗೆ ಕೊಡುವವರಿಲ್ಲವೆಂದು ಆಕೆ ಹೇಳಲಿಲ್ಲ. ತನ್ನನ್ನು ಕೇಳುವವರಿಲ್ಲವೆಂದು ಹೇಳಿದಳು. ನನ್ನ ಅಭಿಪ್ರಾಯದಲ್ಲಿ ಒಂಟಿತನದ ಮರ್ಮವು ಇದೇ ಆಗಿದೆ. ಜೊತೆಯಲ್ಲಿ ಯಾರೂ ಇಲ್ಲದಿರುವುದಕ್ಕಿಂತಲೂ, ತಾನು ಯಾರಿಗೂ ಬೇಕಾಗಿಲ್ಲದಿರುವುದೇ ಒಂಟಿತನ.

ನಮ್ಮ ಪೂರ್ವಿಕರು ಈ ಬೇಕಾಗುವಿಕೆಗೆ ಋಣವೆಂಬ ಹೆಸರನ್ನು ಕೊಟ್ಟರು. ದೇವಋಣ, ಋಷಿಋಣ, ಪಿತೃಋಣಗಳನ್ನು ಎಲ್ಲರೂ ಕೇಳಿದ್ದಾರೆ. ಶತಪಥ ಬ್ರಾಹ್ಮಣದಲ್ಲಿ ಇವುಗಳ ಜೊತೆಗೆ ಮನುಷ್ಯಋಣವೂ ಹೇಳಲ್ಪಟ್ಟಿದೆ. ಬಂದವರಿಗೆ ನೆಲೆಯನ್ನೂ ಅನ್ನವನ್ನೂ ಕೊಡುವುದು ಅದನ್ನು ತೀರಿಸುವ ಮಾರ್ಗ. ಈ ಋಣವು ಸಾಹುಕಾರನ ಸಾಲದಂತಲ್ಲ. ಸಾಲವನ್ನು ತೀರಿಸಿದರೆ ಸಂಬಂಧವು ಮುಗಿಯುತ್ತದೆ. ಋಣವನ್ನು ತೀರಿಸಹೊರಟರೆ ಸಂಬಂಧವು ಬೆಳೆಯುತ್ತದೆ. ಹಳ್ಳಿಯ ಜನರು ಶಾಸ್ತ್ರವನ್ನು ಓದದೆಯೇ ಇದನ್ನು ಬಲ್ಲರು. ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನು ಬರೆದಿಟ್ಟುಕೊಂಡು ಅವರ ಮನೆಯ ಮದುವೆಗೆ ಮುಯ್ಯಿ ಹಿಂದಿರುಗಿಸುತ್ತಾರೆ. ಆದರೆ ಸರಿಯಾಗಿ ಅಷ್ಟನ್ನೇ ಹಿಂದಿರುಗಿಸಿದರೆ ಅದು ಮುರಿದುಕೊಳ್ಳುವ ಲಕ್ಷಣವೆಂದು ತಿಳಿದು ಒಂದಿಷ್ಟು ಹೆಚ್ಚಾಗಿಯೇ ಕೊಡುತ್ತಾರೆ. ಬಿತ್ತನೆಯ ಕಾಲದಲ್ಲಿ ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ ಎಂದು ದುಡಿಯುವ ಮುಯ್ಯಾಳಿನ ಪದ್ಧತಿಯೂ ಇದೇ ಜಾತಿಯದು.

ಆಧುನಿಕ ಜೀವನವು ಮಾಡಿರುವ ಮುಖ್ಯವಾದ ಕೆಲಸವೇನೆಂದರೆ ಈ ಋಣಗಳನ್ನು ಒಂದೊಂದಾಗಿ ಹಣಕ್ಕೆ ಬದಲಾಯಿಸಿರುವುದು. ಇದು ನಿನ್ನೆ ಮೊನ್ನೆ ಆರಂಭವಾದದ್ದಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ, ದತ್ತ ಮಂಡಲದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಹೊಲಗಳನ್ನು ಅಳೆಯಿಸಿ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಈ ಪದ್ಧತಿಯಲ್ಲಿ ಸರಕಾರದ ಲೆಕ್ಕವು ಊರಿನೊಡನೆ ಅಲ್ಲ, ಒಬ್ಬೊಬ್ಬ ರೈತನೊಡನೆ. ಇದರಿಂದ ಮಧ್ಯವರ್ತಿಗಳ ಕಾಟವು ಕಡಿಮೆಯಾಗಿ ಸಾಮಾನ್ಯನಿಗೆ ತನ್ನ ಹೆಸರಿನ ಪಟ್ಟಾ ದೊರೆತದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಅದರೊಡನೆ ತೆರಿಗೆಯ ಹೊಣೆಯೂ ಬೆಳೆ ಕೆಟ್ಟ ವರ್ಷದ ಚಿಂತೆಯೂ ಒಬ್ಬೊಬ್ಬನ ತಲೆಯ ಮೇಲೆ ಬೇರೆ ಬೇರೆಯಾಗಿ ಬಿದ್ದವೆಂಬುದೂ ನಿಜ.

ಇದರ ಆರ್ಥಿಕ ಪರಿಣಾಮವನ್ನು ಸಿರುಗುಪ್ಪದ ಬಯಲಿನಲ್ಲಿ ಸ್ಪಷ್ಟವಾಗಿ ನೋಡಬಹುದು. ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟುವ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗಳಿಗೆ ನೀರು ಬಂದಿತು. ಜೋಳ, ನವಣೆಗಳ ನಾಡಿನಲ್ಲಿ ಭತ್ತವು ಹಬ್ಬಿತು, ಅಕ್ಕಿಯ ಗಿರಣಿಗಳೆದ್ದವು. ಇದು ದೊಡ್ಡ ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಇಂದು ಕೊಯ್ಲಿನ ಕಾಲದಲ್ಲಿ ಯಂತ್ರವು ಬಂದು, ಹತ್ತು ಮನೆಯವರು ಕೂಡಿ ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಕೆಲವು ಗಂಟೆಗಳಲ್ಲಿ ಮುಗಿಸಿಬಿಡುತ್ತದೆ. ರೈತನ ಬೆನ್ನು ಉಳಿಯಿತು. ಆದರೆ ಮುಯ್ಯಾಳಿಗೆ ಬದಲಾಗಿ ಈಗ ಯಂತ್ರದ ಬಾಡಿಗೆ, ಬೀಜದ ಬೆಲೆ, ಗೊಬ್ಬರದ ಬೆಲೆ ಎಲ್ಲವೂ ರೊಕ್ಕದಲ್ಲಿ ತೆರಬೇಕು. ರೊಕ್ಕವಿಲ್ಲದವನು ದಲ್ಲಾಳಿಯಿಂದ ಮುಂಗಡ ತರುತ್ತಾನೆ. ಮುಂಗಡ ತಂದವನು ಬೆಳೆಯನ್ನು ಅವನಿಗೇ ಅವನು ಹೇಳಿದ ಧಾರಣೆಗೆ ಹಾಕಬೇಕಾಗುತ್ತದೆ. ನೆರೆಯವನೊಡನೆ ಕೂಡಿ ಮಾರುವವನಿಗೆ ಕಾಯುವ ಶಕ್ತಿಯಿರುತ್ತದೆ. ಒಬ್ಬನೇ ಮಾರುವವನಿಗೆ ಅದಿರುವುದಿಲ್ಲ. ಹೀಗೆ ಒಂಟಿತನವು ಮನಸ್ಸಿನ ದುಃಖವಾಗಿ ಉಳಿಯದೆ ಧಾರಣೆಯ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಕಾಲುವೆಯ ನೀರಿನ ವಿಷಯವು ಇನ್ನೂ ದೊಡ್ಡ ಪಾಠವನ್ನು ಕಲಿಸುತ್ತದೆ. ಹಣವುಳ್ಳವನು ಯಂತ್ರವನ್ನು ತರಿಸಬಲ್ಲನು, ಆಳನ್ನು ತರಿಸಬಲ್ಲನು. ಆದರೆ ಕಾಲುವೆಯನ್ನು ತನ್ನೊಬ್ಬನ ಹೊಲಕ್ಕೆ ತರಿಸಲಾರನು. ಮೇಲಿನವನು ತನ್ನ ಪಾಲಿಗಿಂತ ಹೆಚ್ಚಾಗಿ ತಿರುಗಿಸಿಕೊಂಡರೆ ಕೊನೆಯಂಚಿನವನ ಪೈರು ಒಣಗುತ್ತದೆ. ಇಬ್ಬರಿಗೂ ಪರಸ್ಪರ ಮುಖಪರಿಚಯವಿದ್ದು, ಒಬ್ಬನ ಮನೆಯ ಸಾವು ಮದುವೆಗಳಿಗೆ ಇನ್ನೊಬ್ಬನು ಹೋಗುವ ರೂಢಿಯಿದ್ದರೆ ತೂಬನ್ನು ತಿರುಗಿಸುವ ಕೈಗೆ ಸಂಕೋಚವಿರುತ್ತದೆ. ಪರಿಚಯವೇ ಇಲ್ಲದವನ ಹೊಲವು ಒಣಗಿದರೆ ಯಾರಿಗೆ ನಾಚಿಕೆ? ನೀರು ಬಳಕೆದಾರರ ಸಂಘಗಳೂ ಕಾನೂನೂ ಇವೆ. ಆದರೆ ಸಂಕೋಚವು ಮಾಡುವ ಕೆಲಸವನ್ನು ಕಾನೂನೊಂದೇ ಮಾಡಲಾರದು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿಯು ಕಡಿದು ನೀರು ವ್ಯರ್ಥವಾಗಿ ಹರಿದುಹೋದಾಗ ಕಾಲುವೆಯ ಮೇಲಿನವನಿಗೂ ಕೊನೆಯವನಿಗೂ ಒಂದೇ ಭಯವು ಹುಟ್ಟಿತು. ಭಯದಲ್ಲಿ ನೆನಪಾದ ಈ ಒಂದುತನವು ನೀರು ತುಂಬಿದ ವರ್ಷದಲ್ಲಿ ಮರೆತುಹೋಗಬಾರದಷ್ಟೆ.

ಹೊಲದಿಂದ ನಗರಕ್ಕೆ ಬಂದರೂ ಇದೇ ನ್ಯಾಯವು ಕಾಣುತ್ತದೆ. ಬಳ್ಳಾರಿಯ ಜೀನ್ಸ್ ಉಡುಪುಗಳು ದೂರದೂರದ ಪೇಟೆಗಳಲ್ಲಿ ಹೆಸರಾಗಿವೆ. ಈ ಕೆಲಸದ ಒಂದು ಭಾಗವು ಮನೆಗಳಲ್ಲಿ ನಡೆಯುತ್ತದೆ. ಹೊಲಿದ ಬಟ್ಟೆಯ ದಾರವನ್ನು ಕತ್ತರಿಸುವುದು ಮೊದಲಾದ ಕೆಲಸವನ್ನು ಹೆಂಗಸರು ತಮ್ಮ ತಮ್ಮ ಪಡಸಾಲೆಯಲ್ಲಿ ಕುಳಿತು ಲೆಕ್ಕದ ಕೂಲಿಗೆ ಮಾಡುತ್ತಾರೆ. ಮನೆಯನ್ನು ಬಿಡದೆ ನಾಲ್ಕು ಕಾಸು ದೊರೆಯುವುದು ಅನುಕೂಲವೇ ಸರಿ. ಆದರೆ ಒಬ್ಬಳೇ ಕುಳಿತು ಮಾಡುವವಳಿಗೆ ಪಕ್ಕದ ಬೀದಿಯಲ್ಲಿ ಇದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆಂಬುದು ತಿಳಿಯುವುದು ಹೇಗೆ? ಕೂಲಿ ಕಡಿಮೆಯಾಯಿತೆಂದು ಒಬ್ಬಳು ಹೇಳಿದರೆ ಗಂಟು ಇನ್ನೊಂದು ಮನೆಗೆ ಹೋಗುತ್ತದೆ. ಹತ್ತು ಜನ ಕೂಡಿ ಹೇಳಿದರೆ ಅದು ಮಾತಾಗುತ್ತದೆ. ಒಬ್ಬಳು ಹೇಳಿದರೆ ಗೊಣಗಾಟವಾಗುತ್ತದೆ. ಬಡವನ ಒಂಟಿತನವು ಅವನ ಕೂಲಿಯನ್ನು ಹೀಗೆ ಕುಗ್ಗಿಸುತ್ತದೆ.

ಬಡವನ ವಿಷಯವು ಹೀಗಾಯಿತು. ಅನುಕೂಲಸ್ಥನ ಒಂಟಿತನವು ಅವನ ಖರ್ಚನ್ನು ಹಿಗ್ಗಿಸುತ್ತದೆ. ಹಿಂದೆ ಬೀದಿಗೊಂದಿದ್ದ ವಸ್ತುವು ಈಗ ಮನೆಗೊಂದು ಬೇಕು, ಮನೆಗೊಂದಿದ್ದದ್ದು ಆಳಿಗೊಂದು ಬೇಕು. ಎರವಲು ಕೇಳುವುದು ಅವಮಾನವಾದ್ದರಿಂದ ವರ್ಷಕ್ಕೆ ಎರಡು ಸಲ ಬೇಕಾಗುವ ಏಣಿಯನ್ನು ಕೂಡ ಕೊಂಡು ತಂದು ಗೋಡೆಗೆ ಒರಗಿಸುತ್ತೇವೆ. ಮಗುವನ್ನು ನೋಡಿಕೊಳ್ಳುವುದಕ್ಕೆ ಹಣ, ಮುದುಕರನ್ನು ನೋಡಿಕೊಳ್ಳುವುದಕ್ಕೆ ಹಣ, ಬೇಸರವನ್ನು ಕಳೆಯುವುದಕ್ಕೆ ಹಣ. ಈ ಹಣವನ್ನು ಗಳಿಸುವುದಕ್ಕಾಗಿ ಇನ್ನಷ್ಟು ಹೊತ್ತು ಮನೆಯ ಹೊರಗೆ ದುಡಿಯಬೇಕು. ಹೊರಗಿದ್ದಷ್ಟೂ ನೆರೆಹೊರೆಯು ದೂರ. ದೂರವಾದಷ್ಟೂ ಮತ್ತೆ ಹಣ. ಗಾಣದ ಎತ್ತಿನಂತೆ ಈ ಸುತ್ತಿನಿಂದ ಹೊರಬರುವ ದಾರಿಯು ನಮಗೆ ಕಾಣದಾಗಿದೆ.

ಕೊನೆಗೆ ಲೆಕ್ಕವು ಶರೀರದ ಮೇಲೆ ಬೀಳುತ್ತದೆ. ಇದು ಕೇವಲ ಭಾವುಕರ ಮಾತೆಂದು ವಾಚಕರು ತಿಳಿಯಬಾರದು. ಬ್ರಿಟನ್ 2018ರಲ್ಲಿಯೂ ಜಪಾನ್ 2021ರಲ್ಲಿಯೂ ಒಂಟಿತನದ ವಿಚಾರಕ್ಕಾಗಿಯೇ ಒಬ್ಬ ಮಂತ್ರಿಗೆ ಹೊಣೆ ವಹಿಸಿದವು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ ಮೂರ್ತಿಯವರು, ಸಮಾಜದ ಸಂಬಂಧವು ಕಡಿದುಹೋಗುವುದರಿಂದ ಆಯುಸ್ಸಿಗೆ ಬರುವ ಕುತ್ತು ದಿನಕ್ಕೆ ಹದಿನೈದು ಸಿಗರೇಟುಗಳನ್ನು ಸೇದುವುದರಿಂದ ಬರುವ ಕುತ್ತಿಗೆ ಹೋಲಿಸತಕ್ಕಷ್ಟಿದೆಯೆಂದು ತಮ್ಮ ದೇಶದವರನ್ನು ಎಚ್ಚರಿಸಿದರು. ಅವರ ಮನೆತನವು ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದೆಂಬುದು ಕನ್ನಡಿಗರಿಗೆ ತಿಳಿದ ಸಂಗತಿ. 2025ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು ಪ್ರಕಟಿಸಿದ ವರದಿಯ ಪ್ರಕಾರ ಲೋಕದಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ವರ್ಷಕ್ಕೆ ಸುಮಾರು 8,71,000 ಮರಣಗಳಿಗೂ ಒಂಟಿತನಕ್ಕೂ ಸಂಬಂಧವುಂಟು. ವೃದ್ಧರಿಗಿಂತಲೂ ತರುಣರಲ್ಲಿ ಇದು ಹೆಚ್ಚೆಂಬುದು ಆ ವರದಿಯ ಇನ್ನೊಂದು ಮಾತು. ಕೈಯಲ್ಲಿ ಲೋಕವನ್ನೇ ಹಿಡಿದುಕೊಂಡಂತೆ ದೂರವಾಣಿಯನ್ನು ಹಿಡಿದ ತರುಣನಿಗೆ ಸಾವಿರ ಜನ ಪರಿಚಿತರು. ಆದರೆ ಅವನು ನಾಲ್ಕು ದಿನ ಸುಮ್ಮನಾದರೆ ಕೆಲಸ ನಿಲ್ಲುವವರು ಆ ಸಾವಿರದಲ್ಲಿ ಒಬ್ಬರೂ ಇಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಅದನ್ನು ಮರೆಮಾಚಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. “ನೀವು ಹೊಗಳುವ ಹಳೆಯ ಊರಿನಲ್ಲಿ ಋಣಾನುಬಂಧವಿತ್ತೆಂದು ಹೇಳುತ್ತೀರಿ, ಆದರೆ ಯಾರಿಗೆ? ಊರ ಬಾವಿಯಿಂದ ದೂರ ನಿಂತು, ಯಾರಾದರೂ ನೀರು ಹುಯ್ದಾರೆಂದು ಕೊಡವನ್ನು ಹಿಡಿದು ಕಾದವರು ಒಂಟಿಗಳಾಗಿರಲಿಲ್ಲವೆ? ಮೂವತ್ತು ಜನರ ಮನೆಯಲ್ಲಿ ಒಬ್ಬರೊಡನೆಯೂ ಮನಸ್ಸು ಬಿಚ್ಚಿ ಮಾತನಾಡಲಾರದೆ ಒಲೆಯ ಮುಂದೆ ಅತ್ತ ಸೊಸೆಯು ಒಂಟಿಯಾಗಿರಲಿಲ್ಲವೆ? ಬಿಟ್ಟಿ ಚಾಕರಿಯನ್ನು ಕೂಡ ನೀವು ಮುಯ್ಯಿ ಎನ್ನುವಿರೋ?” ಈ ಪ್ರಶ್ನೆಗಳಿಗೆ ತಲೆಬಾಗಲೇಬೇಕು. 1876–78ರ ಮಹಾಕ್ಷಾಮವು ನಮ್ಮ ಸೀಮೆಯನ್ನು ಬಡಿದಾಗಲೂ ಊರಿನೊಳಗಿನ ಋಣವು ಜನರನ್ನು ಉಳಿಸುವುದಕ್ಕೆ ಸಾಲಲಿಲ್ಲ. ಹಣವು ಅನೇಕರನ್ನು ಬಂಧನದಿಂದ ಬಿಡಿಸಿತು. ಕೂಲಿಯನ್ನು ಕೈಯಲ್ಲಿ ಎಣಿಸಿಕೊಂಡವನು ಯಾರ ಮುಂದೆಯೂ ಬಗ್ಗಬೇಕಾಗಿಲ್ಲವೆಂಬುದು ಸಣ್ಣ ಲಾಭವಲ್ಲ. ಆದುದರಿಂದ ಹಳೆಯದಕ್ಕೆ ಹಿಂದಿರುಗೋಣವೆಂದು ನಾನು ಹೇಳುತ್ತಿಲ್ಲ. ಹಿಂದಿರುಗುವುದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ.

ನಿಜವಾದ ಪ್ರಶ್ನೆಯು ಬೇರೆ. ಹುಟ್ಟಿನಿಂದ ಹೇರಲ್ಪಟ್ಟ ಕಟ್ಟು ಬೇಡ, ಸರಿ. ಹಾಗೆಂದು ಯಾವ ಕಟ್ಟೂ ಬೇಡವೆ? ಸ್ವತಂತ್ರರಾದವರು ತಾವಾಗಿ ಒಪ್ಪಿ ಕಟ್ಟಿಕೊಳ್ಳುವ ಋಣವೊಂದು ಉಂಟಲ್ಲವೆ?

ಉಂಟೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಮಾಣಗಳಿವೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಭಾರತದಲ್ಲಿ ಈ ಜಾತಿಯ ಸಂಘಗಳಲ್ಲಿ ಅದೇ ಮೊದಲನೆಯದೆಂದು ಹೆಸರಾಗಿದೆ. ಅವರ ಬಂಡವಾಳದಲ್ಲಿ ಹಣಕ್ಕಿಂತ ನೆರೆಯವನ ಮೇಲಿನ ನಂಬಿಕೆಯೇ ದೊಡ್ಡ ಭಾಗವಾಗಿತ್ತು. ಬೇರೆ ಬೇರೆಯಾಗಿದ್ದಾಗ ಸಾಹುಕಾರನ ಬಡ್ಡಿಗೆ ಈಡಾಗುತ್ತಿದ್ದವರು ಒಬ್ಬರಿಗೊಬ್ಬರು ಹೊಣೆಯಾದಾಗ ಪತ್ತುಳ್ಳವರಾದರು. ಹಾಗೆಂದು ಹೊಣೆಗಾರಿಕೆಯ ಹೆಸರಿದ್ದ ಮಾತ್ರಕ್ಕೆ ಅದು ಋಣವಾಗುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸಣ್ಣ ಸಾಲದ ಕಂಪೆನಿಗಳು ಹೆಂಗಸರನ್ನು ಗುಂಪು ಮಾಡಿ ಒಬ್ಬಳ ಕಂತಿಗೆ ಉಳಿದವರನ್ನು ಹೊಣೆ ಮಾಡಿದವು. ವಸೂಲಿಯ ಕಿರುಕುಳವನ್ನು ತಡೆಯುವುದಕ್ಕೆ ನಮ್ಮ ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅಲ್ಲಿ ನೆರೆಯವಳು ಆಸರೆಯಾಗುವ ಬದಲು ಕಾವಲುಗಾರ್ತಿಯಾದಳು. ಕಣಗಿನಹಾಳದಲ್ಲಿ ನಂಬಿಕೆಯಿಂದ ಸಾಲವು ಹುಟ್ಟಿತ್ತು. ಇಲ್ಲಿ ಸಾಲದಿಂದ ನಂಬಿಕೆಯನ್ನು ಹುಟ್ಟಿಸಹೊರಟರು. ಮೊದಲು ಯಾವುದು, ಆಮೇಲೆ ಯಾವುದು ಎಂಬುದೇ ಎರಡಕ್ಕೂ ಇರುವ ಭೇದ.

ಹಣದ ಮಾತಿಲ್ಲದ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲಿದೆ. ಬಳ್ಳಾರಿಯು ನಾಟಕದ ಊರು. ಧರ್ಮಾವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ, ಇವುಗಳ ಪರಂಪರೆಯಲ್ಲಿ ಬೆಳೆದ ಬಳ್ಳಾರಿ ರಾಘವರು (1880–1946) ವಕೀಲಿಯನ್ನು ಮಾಡುತ್ತಲೇ ರಂಗವನ್ನು ಬೆಳಗಿದರು. ಹಳ್ಳಿಗಳಲ್ಲಿ ಇಂದಿಗೂ ಬಯಲಾಟಕ್ಕೆ ತಾಲೀಮು ನಡೆಯುತ್ತದೆ. ತಿಂಗಳುಗಟ್ಟಲೆ ರಾತ್ರಿ ಊಟವಾದ ಮೇಲೆ ಮಾಸ್ತರನ ಮುಂದೆ ಕೂಡಿ ಕುಣಿಯುವ ಆ ತರುಣರಲ್ಲಿ ಭೀಮನ ಪಾತ್ರದವನು ಬರದಿದ್ದರೆ ಆ ರಾತ್ರಿಯ ತಾಲೀಮೇ ನಿಲ್ಲುತ್ತದೆ; ಅವನನ್ನು ಕರೆತರಲು ಇಬ್ಬರು ಮನೆಗೆ ಹೋಗುತ್ತಾರೆ. “ಯಾಕ ಬರಲಿಲ್ಲೋ?” ಎಂದು ಕೇಳಿಸಿಕೊಳ್ಳುವ ಭಾಗ್ಯವಿದೆಯಲ್ಲ, ಅದು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದ ಸರಕು. ಆಟದ ಕಲೆಯು ಎಷ್ಟಿತ್ತೆಂಬುದನ್ನು ವಿಮರ್ಶಕರು ಹೇಳಲಿ. ಆಟವು ತನ್ನವರನ್ನು ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡಿತೆಂಬುದು ಮಾತ್ರ ಸತ್ಯ.

ಹಾಗಾದರೆ ವಿದ್ಯಾವಂತ ಗೃಹಸ್ಥರಾದ ನಾವು ಮಾಡಬೇಕಾದದ್ದೇನು? ಒಂಟಿಗಳಾದವರ ಮೇಲೆ ದಯೆಯಿಟ್ಟು ಅವರಿಗೆ ಏನನ್ನಾದರೂ ಕೊಡಬೇಕೆಂದು ಸಾಮಾನ್ಯವಾಗಿ ಹೇಳುತ್ತೇವೆ. ತಂದೆತಾಯಿಗಳ ಪೋಷಣೆಗೆ 2007ರಲ್ಲಿ ಕಾನೂನೇ ಆಗಿದೆ, ಅದು ಬೇಕಾದದ್ದೇ. ಆದರೆ ಪೋಷಣೆಯು ಹೊಟ್ಟೆಯನ್ನು ತುಂಬಿಸೀತು, ಬೇಕಾಗುವಿಕೆಯನ್ನು ತುಂಬಿಸಲಾರದು. ಕೊಡುವುದು ಧರ್ಮದ ಅರ್ಧ ಮಾತ್ರ. ಕೇಳುವುದು ಅದರ ಇನ್ನೊಂದು ಅರ್ಧವೆಂದು ನನಗೆ ತೋರುತ್ತದೆ. ಯಾರ ಹಂಗೂ ಇಲ್ಲದೆ ಬಾಳಬೇಕೆಂಬ ಹೆಮ್ಮೆಯಲ್ಲಿ ನಾವು ನಮ್ಮ ನೆರೆಯವರಿಗೆ ಉಪಕಾರ ಮಾಡುವ ಅವಕಾಶವನ್ನೇ ಕಸಿದುಕೊಂಡಿದ್ದೇವೆ. ಮುದುಕರಿಂದ ಒಂದು ಉಪ್ಪಿನಕಾಯಿಯ ಹದವನ್ನು ಕೇಳುವುದು, ಎದುರು ಮನೆಯಿಂದ ಏಣಿಯನ್ನು ಎರವಲು ತರುವುದು, ಪಕ್ಕದ ತರುಣನಿಗೆ ಮಗುವಿನ ಲೆಕ್ಕದ ಪಾಠವನ್ನು ಹೇಳಿಕೊಡಪ್ಪಾ ಎನ್ನುವುದು, ಇವು ಅಲ್ಪವಾದ ಕೆಲಸಗಳು. ಇವುಗಳಲ್ಲಿ ಹಣದ ಉಳಿತಾಯವು ಸ್ವಲ್ಪ, ಸ್ವಾಭಿಮಾನಕ್ಕೆ ತೊಡಕು ಸ್ವಲ್ಪ. ಆದರೆ ಕೇಳಿಸಿಕೊಂಡವನಿಗೆ ತಾನು ಲೆಕ್ಕಕ್ಕಿದ್ದೇನೆಂಬ ಅರಿವು ದೊರೆಯುತ್ತದೆ. ನೆರೆಯಲ್ಲಿ ಈ ಕೊಡುಕೊಳೆಯು ಬೆಳೆದರೆ ಕೂಲಿಯ ಮಾತನ್ನೂ ನೀರಿನ ಮಾತನ್ನೂ ಧಾರಣೆಯ ಮಾತನ್ನೂ ಕೂಡಿ ಆಡುವ ಶಕ್ತಿಯು ಅದರಿಂದಲೇ ಬರುತ್ತದೆ.

ಕುರುಗೋಡಿನ ತೇರನ್ನು ಎಷ್ಟು ಹಣವಂತನಾದರೂ ಒಬ್ಬನೇ ಎಳೆಯಲಾರನು. ಆ ದಿನ ಹಗ್ಗಕ್ಕೆ ಕೈಯಿಟ್ಟ ಪ್ರತಿಯೊಬ್ಬನಿಗೂ ತನ್ನಿಂದಲೇ ತೇರು ಸಾಗಿತೆಂದು ಅನ್ನಿಸುತ್ತದೆ. ಹಾಗೆ ಅನ್ನಿಸುವುದು ಸುಳ್ಳೂ ಅಲ್ಲ. ಆ ವೃದ್ಧೆಯ ಮನೆಗೆ ನಾನು ಮತ್ತೆ ಹೋದಾಗ ಒಂದು ಸಣ್ಣ ಬಟ್ಟಲನ್ನು ತೆಗೆದುಕೊಂಡು ಹೋದೆನು. “ನಮ್ಮ ಮನೆಯಲ್ಲಿ ಮೊಸರು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಒಂದಿಷ್ಟು ಕೊಡಿರಿ” ಎಂದೆನು. ಆಕೆಯು ಗೋಡೆಯನ್ನು ಹಿಡಿದುಕೊಂಡು ತಾನೇ ಎದ್ದು ಒಳಗೆ ಹೋದಳು. ಅಡಿಗೆಯವಳು ತರುತ್ತೇನೆಂದರೂ ಬಿಡಲಿಲ್ಲ. ಹಾಲು ಎಷ್ಟು ಬೆಚ್ಚಗಿರಬೇಕು, ಪಾತ್ರೆಯನ್ನು ಎಲ್ಲಿಡಬೇಕು ಎಂಬುದನ್ನೆಲ್ಲ ಎರಡೆರಡು ಸಲ ಹೇಳಿ, “ನಾಳೆ ಹೆಂಗಾತು ಅಂತ ಹೇಳಬೇಕು ಮತ್ತ” ಎಂದು ಆಜ್ಞೆ ಮಾಡಿದಳು. ಈಗ ಆಕೆ ಇಲ್ಲ. ಆ ಹೆಪ್ಪಿನ ಮೊಸರು ಮಾತ್ರ ದಿನದಿಂದ ದಿನಕ್ಕೆ ನಮ್ಮ ಮನೆಯಲ್ಲಿ ಮುಂದುವರಿದಿದೆ. ಈಚೆಗೆ ಎದುರು ಮನೆಯವರೂ ಬಂದು ಕೇಳಿಕೊಂಡು ಹೋದರು.